ದೂರ 412 ಕಿ.ಮೀ., ಹಾರಾಟ 31 ನಿಮಿಷ: ಹಾಗಾದರೆ ಟಿಕೆಟ್‌ನಲ್ಲಿ 1 ಗಂಟೆ 20 ನಿಮಿಷ ಯಾಕೆ?

ಪ್ರಶ್ನೆ: ಅಮ್ಮನನ್ನು ಕರೆದುಕೊಂಡು ಒಂದು ಸಣ್ಣ ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಬೇರೆ ವಿಮಾನ ಹಿಡಿಯಬೇಕು. ಎರಡರ ನಡುವಿನ ದೂರ ಹುಡುಕಿದರೆ ಒಂದು ಕಡೆ 412 ಕಿ.ಮೀ., ಇನ್ನೊಂದು ಕಡೆ 413 ಕಿ.ಮೀ., ಮತ್ತೊಂದು ಕಡೆ 222 ಮೈಲು ಅಂತ ಬರುತ್ತದೆ. ರಸ್ತೆಯಲ್ಲಿ 560 ಕಿ.ಮೀ. ಹಾರಾಟದ ಸಮಯ 31 ನಿಮಿಷ ಅಂತ ತೋರಿಸುತ್ತದೆ. ಆದರೆ ಟಿಕೆಟ್‌ನಲ್ಲಿ ಬೆಳಿಗ್ಗೆ 7:10ಕ್ಕೆ ಹೊರಟು 8:30ಕ್ಕೆ ತಲುಪುತ್ತದೆ ಅಂತಿದೆ. ವಿಮಾನ ಎಟಿಆರ್ 72. ಮುಂದಿನ ವಿಮಾನ 9:25ಕ್ಕೆ. ನಿಜಕ್ಕೂ 31 ನಿಮಿಷವೇ ಆದರೆ 7:45ರ ಹೊತ್ತಿಗೆ ಇಳಿದಿರುತ್ತೇವೆ, ಆರಾಮಾಗಿ ಸಮಯ ಸಿಗುತ್ತದೆ ಅಲ್ವಾ? ಯಾವ ಲೆಕ್ಕ ನಂಬಬೇಕು?

ಉತ್ತರ: ಟಿಕೆಟ್‌ನಲ್ಲಿರುವ 8:30 ನಂಬಿ. 31 ನಿಮಿಷದ ಲೆಕ್ಕ ಮನಸ್ಸಿನಿಂದ ತೆಗೆದುಹಾಕಿ. ಅಮ್ಮ ಜೊತೆಗಿದ್ದಾರೆ, ಮುಂದೆ ಇನ್ನೊಂದು ವಿಮಾನ ಕಾಯುತ್ತಿದೆ ಅಂದಮೇಲೆ ಇದು ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ. ನಾನು ಹಲವು ವರ್ಷ ಫ್ಲೈಟ್ ಡಿಸ್ಪ್ಯಾಚ್ ಕೆಲಸ ಮಾಡಿದವನು. ಯಾವ ದಾರಿ, ಎಷ್ಟು ಎತ್ತರ, ಎಷ್ಟು ಇಂಧನ, ಎಷ್ಟು ಹೊತ್ತು ಎಂದು ಪ್ರತಿ ಹಾರಾಟಕ್ಕೂ ಮುಂಚೆಯೇ ಲೆಕ್ಕ ಹಾಕಿ ಪೈಲಟ್‌ಗಳ ಕೈಗೆ ಕೊಡುವ ಕೆಲಸ ಅದು. ನಿಮ್ಮಂಥ 400 ಕಿ.ಮೀ. ಆಸುಪಾಸಿನ ದಾರಿಗಳೇ ನನ್ನ ಪಾಲಿಗೆ ಜಾಸ್ತಿ ಬರುತ್ತಿದ್ದವು.

ಮೊದಲು ದೂರದ ವಿಷಯ ಮುಗಿಸೋಣ. ಪ್ರತಿ ವಿಮಾನ ನಿಲ್ದಾಣಕ್ಕೂ ಗೊತ್ತುಮಾಡಿದ ಒಂದು ಬಿಂದು ಇರುತ್ತದೆ. ಸಾಮಾನ್ಯವಾಗಿ ರನ್‌ವೇಗಳ ನಡುಭಾಗದ ಹತ್ತಿರ. ಅದರ ಅಕ್ಷಾಂಶ, ರೇಖಾಂಶ ಎಲ್ಲರಿಗೂ ಸಿಗುವಂತೆ ಪ್ರಕಟವಾಗಿರುತ್ತದೆ. ಎರಡು ನಿಲ್ದಾಣಗಳ ಆ ಎರಡು ಬಿಂದುಗಳ ನಡುವೆ ಭೂಮಿಯ ಮೈಮೇಲೆ ಅತಿ ಹತ್ತಿರದ ಗೆರೆ ಎಳೆದರೆ ಎಷ್ಟಾಗುತ್ತದೋ ಅದೇ ದೂರ. ಒಂದು ಗೋಲದ ಮೇಲೆ ಎರಡು ಚುಕ್ಕೆ ಇಟ್ಟು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿ ಹೋಗಿ ಕೂರುವ ದಾರಿಯೇ ಅದು. ಮಹಾವೃತ್ತ ಅಂತ ಅದಕ್ಕೆ ಹೆಸರು.

412 ಮತ್ತು 413, ಎರಡೂ ಸರಿಯೇ. ಕೆಲವರು ಭೂಮಿಯನ್ನು 6371 ಕಿ.ಮೀ. ತ್ರಿಜ್ಯದ ಪೂರ್ತಿ ಗುಂಡು ಅಂದುಕೊಂಡು ಲೆಕ್ಕ ಹಾಕುತ್ತಾರೆ. ನಿಜದಲ್ಲಿ ಭೂಮಿ ಸಮಭಾಜಕದ ಹತ್ತಿರ ಸ್ವಲ್ಪ ಉಬ್ಬಿದೆ, ಧ್ರುವಗಳ ಕಡೆ ಚಪ್ಪಟೆ. ಸಮಭಾಜಕದಲ್ಲಿ ತ್ರಿಜ್ಯ 6378 ಕಿ.ಮೀ., ಧ್ರುವಗಳಲ್ಲಿ 6357. ಈ ಆಕಾರವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಉತ್ತರ ಶೇಕಡಾ ಅರ್ಧದವರೆಗೆ ಆಚೀಚೆ ಆಗಬಹುದು. ನಿಮ್ಮ ದಾರಿಯಲ್ಲಿ ಅದು ಹೆಚ್ಚೆಂದರೆ 2 ಕಿ.ಮೀ. ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ಬೇಡ.

ಆದರೆ 222 ಮೈಲು ಕಂಡಾಗ ಎಚ್ಚರ ಬೇಕು. ಅದು ರಸ್ತೆಯ ಮೈಲಲ್ಲ, ನಾಟಿಕಲ್ ಮೈಲು. ರಸ್ತೆಯ ಮೈಲು ಅಂದರೆ 1.609 ಕಿ.ಮೀ., ನಾಟಿಕಲ್ ಮೈಲು ಅಂದರೆ 1.852 ಕಿ.ಮೀ. ನಿಮ್ಮ 412 ಕಿ.ಮೀ. ರಸ್ತೆ ಮೈಲಿನಲ್ಲಿ 256, ನಾಟಿಕಲ್ ಮೈಲಿನಲ್ಲಿ 222. ಈ 222ನ್ನು ರಸ್ತೆ ಮೈಲು ಅಂದುಕೊಂಡು ಕಿಲೋಮೀಟರ್‌ಗೆ ತಿರುಗಿಸಿದರೆ 357 ಬರುತ್ತದೆ. ನೋಡುನೋಡುತ್ತಾ 55 ಕಿ.ಮೀ. ಮಾಯ! ಹಡಗು, ವಿಮಾನದವರು ನಾಟಿಕಲ್ ಮೈಲು ಹಿಡಿದುಕೊಂಡಿರುವುದಕ್ಕೆ ಒಳ್ಳೆಯ ಕಾರಣ ಇದೆ. ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಅಕ್ಷಾಂಶ ದಾಟಿದರೆ ಸರಿಸುಮಾರು 60 ನಾಟಿಕಲ್ ಮೈಲು, ಅಂದರೆ 111 ಕಿ.ಮೀ. ನಕ್ಷೆಯ ಅಂಚಿನಲ್ಲೇ ಅಳತೆಗೋಲು ಇದ್ದಂತೆ. ಗಂಟೆಗೆ ಒಂದು ನಾಟಿಕಲ್ ಮೈಲು ಹೋದರೆ ಅದು ಒಂದು ನಾಟ್.

ಈ ಲೆಕ್ಕ ನೀವೇ ಕೈಯಲ್ಲಿ ಹಾಕಿ ನೋಡಬಹುದು, ಚೆನ್ನಾಗಿರುತ್ತದೆ. ಫಿನ್‌ಲೆಂಡಿನ ತುರ್ಕು ನಿಲ್ದಾಣ ಇರುವುದು ಉತ್ತರ 60.51, ಪೂರ್ವ 22.26 ಡಿಗ್ರಿಯಲ್ಲಿ. ಸ್ವೀಡನ್ನಿನ ಸ್ಟಾಕ್‌ಹೋಮ್ ಅರ್ಲಾಂಡಾ ಇರುವುದು ಉತ್ತರ 59.65, ಪೂರ್ವ 17.92ರಲ್ಲಿ. ಅಕ್ಷಾಂಶದ ವ್ಯತ್ಯಾಸ 0.86 ಡಿಗ್ರಿ, ಅಂದರೆ ಸುಮಾರು 96 ಕಿ.ಮೀ. ರೇಖಾಂಶದ ವ್ಯತ್ಯಾಸ 4.34 ಡಿಗ್ರಿ. ಅದನ್ನು ಮಾತ್ರ ನೇರವಾಗಿ 111ರಿಂದ ಗುಣಿಸಬಾರದು. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒತ್ತೊತ್ತಾಗುತ್ತವೆ. 60 ಡಿಗ್ರಿ ಅಕ್ಷಾಂಶದಲ್ಲಿ ಅವುಗಳ ನಡುವಿನ ಅಂತರ ಸಮಭಾಜಕದಲ್ಲಿ ಇರುವುದರ ಅರ್ಧ ಮಾತ್ರ. ಹಾಗಾಗಿ ಇಲ್ಲಿ 241 ಕಿ.ಮೀ. ಇನ್ನು ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಕೋನದ ಸೂತ್ರ ಹಚ್ಚಿ: ಸುಮಾರು 259 ಕಿ.ಮೀ. ಕೆಲವು ನೂರು ಕಿಲೋಮೀಟರ್‌ವರೆಗೆ ಈ ಕೈಲೆಕ್ಕ ಸಾಕು. ಸಾವಿರಗಟ್ಟಲೆ ಕಿಲೋಮೀಟರ್ ಆದಾಗ ಮಾತ್ರ ಮಹಾವೃತ್ತದ ಪೂರ್ತಿ ಸೂತ್ರ ಬೇಕು.

ಇನ್ನೊಂದು ಮಾತು ಎಷ್ಟೋ ಜನ ಕೇಳುತ್ತಾರೆ: ವಿಮಾನ ಎತ್ತರದಲ್ಲಿ ಹಾರುವುದರಿಂದ ದೂರ ಜಾಸ್ತಿ ಆಗುವುದಿಲ್ಲವಾ? ಆಗುತ್ತದೆ, ಆದರೆ ಲೆಕ್ಕಕ್ಕೆ ಸಿಗದಷ್ಟು. 17,000 ಅಡಿ ಅಂದರೆ 5 ಕಿ.ಮೀ. ಚಿಲ್ಲರೆ. 6371ರ ಮುಂದೆ ಅದೆಷ್ಟು? 412 ಕಿ.ಮೀ. ದಾರಿಗೆ ಅದು ಸೇರಿಸುವುದು ಒಂದು ಕಿಲೋಮೀಟರಿನ ಮೂರನೇ ಒಂದು ಭಾಗದಷ್ಟು, ಅಷ್ಟೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ದೂರಕ್ಕೆ ಒಂದೇ ಉತ್ತರ ಇದೆ, ಸಮಯಕ್ಕೆ ಇಲ್ಲ. ನಿಮಗೆ ಸಿಕ್ಕ 31 ನಿಮಿಷ ಎಲ್ಲಿಂದ ಬಂತು ಗೊತ್ತಾ? 412 ಕಿಲೋಮೀಟರನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದ್ದಾರೆ. ಅದರಲ್ಲಿ ಎರಡು ತಪ್ಪಿದೆ. ನಿಮ್ಮ ವಿಮಾನ ಜೆಟ್ ಅಲ್ಲ. ಎಟಿಆರ್ 72 ಪ್ರೊಪೆಲ್ಲರ್ ಇರುವ ಟರ್ಬೊಪ್ರಾಪ್, ಅದರ ಓಟ ಗಂಟೆಗೆ 500 ಕಿ.ಮೀ. ಆಸುಪಾಸು. ಎರಡನೆಯದು ಇನ್ನೂ ದೊಡ್ಡ ತಪ್ಪು. ನೆಲ ಬಿಟ್ಟ ಗಳಿಗೆಯಿಂದ ನೆಲ ಮುಟ್ಟುವ ತನಕ ವಿಮಾನ ಒಂದೇ ವೇಗದಲ್ಲಿ, ಒಂದೇ ಗೆರೆಯಲ್ಲಿ ಹೋಗುತ್ತದೆ ಎಂದು ಆ ಲೆಕ್ಕ ನಂಬಿದೆ. ಯಾವ ವಿಮಾನವೂ ಹಾಗೆ ಹೋಗುವುದಿಲ್ಲ. ದಾರಿ ಸಣ್ಣದಾದಷ್ಟೂ ಈ ತಪ್ಪು ದೊಡ್ಡದಾಗುತ್ತದೆ.

ನಿಮ್ಮ ಹಾರಾಟವನ್ನೇ ನಿಮಿಷ ನಿಮಿಷವಾಗಿ ಬಿಡಿಸಿ ತೋರಿಸುತ್ತೇನೆ. ಅಂಕಿಗಳು ನಾನು ಇಂಥ ದಾರಿಗೆ ಹಾಕುತ್ತಿದ್ದ ಲೆಕ್ಕದ ರೀತಿಯವು.

7:10. ಬಾಗಿಲು ಮುಚ್ಚಿದೆ. ಚಕ್ರದ ಮುಂದೆ ಹಿಂದೆ ಇಟ್ಟಿದ್ದ ಅಡ್ಡಕಟ್ಟೆಗಳನ್ನು, ಅಂದರೆ ಚಾಕ್‌ಗಳನ್ನು, ನೆಲದ ಸಿಬ್ಬಂದಿ ಎಳೆದು ತೆಗೆಯುತ್ತಾರೆ. ವಿಮಾನ ಅಲುಗಿದ ಈ ಕ್ಷಣವೇ ಟಿಕೆಟ್‌ನಲ್ಲಿರುವ ಹೊರಡುವ ಸಮಯ. ಆಕಾಶಕ್ಕೆ ಏರುವ ಸಮಯ ಅಲ್ಲ.

ಈಗ ರನ್‌ವೇ ಕಡೆ ಹೋಗಬೇಕು. ದೊಡ್ಡ ನಿಲ್ದಾಣದಲ್ಲಿ ರನ್‌ವೇ ಪಕ್ಕದಲ್ಲೇ ಅದರುದ್ದಕ್ಕೂ ಟ್ಯಾಕ್ಸಿವೇ, ಅಂದರೆ ವಿಮಾನ ನೆಲದ ಮೇಲೆ ಓಡಾಡುವ ದಾರಿ, ಇರುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಎಷ್ಟೋ ಕಡೆ ಅದಿಲ್ಲ. ವಿಮಾನ ರನ್‌ವೇ ನಡುವೆ ಎಲ್ಲೋ ಒಂದು ಕಡೆ ಹತ್ತುತ್ತದೆ. ಅಲ್ಲಿಂದ ರನ್‌ವೇ ಮೇಲೆಯೇ ತುದಿಯವರೆಗೆ ಮೆಲ್ಲಗೆ ಓಡುತ್ತದೆ. ತುದಿಯಲ್ಲಿ ಗಿರಕಿ ಹೊಡೆದು ಮುಖ ತಿರುಗಿಸಿ ನಿಲ್ಲುತ್ತದೆ. ಇದಕ್ಕೆ ಬ್ಯಾಕ್‌ಟ್ರ್ಯಾಕ್ ಅನ್ನುತ್ತಾರೆ. ಅಷ್ಟು ಹೊತ್ತೂ ಆ ರನ್‌ವೇ ಬೇರೆ ಯಾರಿಗೂ ಇಲ್ಲ. ಇನ್ನೊಂದು ವಿಮಾನ ಇಳಿಯಲು ಬರುತ್ತಿದ್ದರೆ ನೀವು ಹೊರಗೆ ನಿಂತು ಕಾಯಬೇಕು. ಅದು ಇಳಿದು, ಅದೂ ತಿರುಗಿ ಬಂದು, ದಾರಿ ಬಿಟ್ಟಮೇಲೆ ನಿಮ್ಮ ಸರದಿ. ಕಿಟಕಿ ಪಕ್ಕ ಕೂತವರಿಗೆ ‘ಏನೂ ಇಲ್ಲದೆ ಸುಮ್ನೆ ನಿಂತಿದೆ’ ಅನ್ನಿಸುವುದು ಇಂಥ ಹೊತ್ತಿನಲ್ಲೇ. ಇವತ್ತು ಯಾರೂ ಅಡ್ಡ ಇಲ್ಲ ಅಂದುಕೊಳ್ಳೋಣ. 10 ನಿಮಿಷ.

7:20. ಚಕ್ರ ನೆಲ ಬಿಟ್ಟಿತು. ಆದರೆ ನೀವು ಹೋಗಬೇಕಾದ ಊರು ಪೂರ್ವಕ್ಕಿದ್ದರೆ ವಿಮಾನ ಪೂರ್ವಕ್ಕೇ ಏರುತ್ತದೆ ಅಂತೇನಿಲ್ಲ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ರನ್‌ವೇ ತುದಿಯಲ್ಲಿ ದೊಡ್ಡ ಅಂಕಿ ಬರೆದಿರುವುದನ್ನು ನೋಡಿರುತ್ತೀರಿ. 09 ಅಂದರೆ 90 ಡಿಗ್ರಿ, ಪೂರ್ವಕ್ಕೆ ಮುಖ. 27 ಅಂದರೆ 270 ಡಿಗ್ರಿ, ಪಶ್ಚಿಮಕ್ಕೆ. ಅದೇ ರನ್‌ವೇ, ಎರಡು ತುದಿಗೆ ಎರಡು ಹೆಸರು. ಇವತ್ತು ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ಪಶ್ಚಿಮಕ್ಕೆ ಏರಿ, ಆಮೇಲೆ ತಿರುಗಿ ಪೂರ್ವಕ್ಕೆ ಬರಬೇಕು. ಇಲ್ಲೇ ಸುಮಾರು 12 ಕಿ.ಮೀ. ಹೆಚ್ಚಾಯಿತು.

ಆಮೇಲೆ ಏರುವ ಹೊತ್ತು. ತುಂಬಿದ ಎಟಿಆರ್ 17,000 ಅಡಿ ಏರಲು ಸುಮಾರು 16 ನಿಮಿಷ ತೆಗೆದುಕೊಂಡಿತು ಅಂದುಕೊಳ್ಳಿ. ಏರುವಾಗ ಎಂಜಿನ್ನಿನ ಶಕ್ತಿ ಎತ್ತರಕ್ಕೆ ಖರ್ಚಾಗುತ್ತದೆ, ಮುಂದೆ ಓಡುವುದು ಕಡಿಮೆ. ಆ 16 ನಿಮಿಷದಲ್ಲಿ ದಾಟಿದ್ದು ಬರೀ 100 ಕಿ.ಮೀ. ಚಡಾವು ಹತ್ತುವ ಲಾರಿ ನೆನಪಿಸಿಕೊಳ್ಳಿ.

7:36. ವಿಮಾನ ಸಮಕ್ಕೆ ಬಂತು. ಈಗ ಮಾತ್ರ ಅದು ತನ್ನ ನಿಜವಾದ ವೇಗದಲ್ಲಿ ಓಡುತ್ತದೆ. ಆದರೆ ಈ ಎತ್ತರದಲ್ಲಿ ಗಾಳಿ ಬೇರೆ ದಿಕ್ಕಿನದು, ಎದುರುಗಾಳಿ 20 ನಾಟ್ ಇದೆ ಅಂದುಕೊಳ್ಳಿ. 500ರಲ್ಲಿ 37 ಹೋಯಿತು, ನೆಲದ ಲೆಕ್ಕದಲ್ಲಿ 463 ಉಳಿಯಿತು. ದಾರಿಯೂ ಪೂರ್ತಿ ನೇರ ಇಲ್ಲ. ನಕ್ಷೆಯಲ್ಲಿ ಗೊತ್ತುಮಾಡಿದ ಬಿಂದುಗಳನ್ನು ಮುಟ್ಟುತ್ತಾ ಹೋಗಬೇಕು, ಒಂದೆರಡು ಕಡೆ ಸಣ್ಣ ಸೊಟ್ಟ. ಇನ್ನೊಂದು 8 ಕಿ.ಮೀ. ಸೇರಿತು. ಈ ಸಮ ಓಟ ಸುಮಾರು 230 ಕಿ.ಮೀ., 30 ನಿಮಿಷ.

8:06. ಇಳಿಯಲು ಶುರು. ಇದಕ್ಕೆ ಪೈಲಟ್‌ಗಳ ಬಾಯಲ್ಲಿರುವ ಸುಲಭ ಲೆಕ್ಕ ಒಂದಿದೆ: ಪ್ರತಿ 1000 ಅಡಿಗೆ 3 ನಾಟಿಕಲ್ ಮೈಲು. 17,000 ಅಡಿಯಿಂದ ಇಳಿಯಲು 51 ನಾಟಿಕಲ್ ಮೈಲು, ಅಂದರೆ 94 ಕಿ.ಮೀ. ಮುಂಚೆಯೇ ಇಳಿಜಾರು ಹಿಡಿಯಬೇಕು. ವೇಗ ಕಡಿಮೆ ಮಾಡಲು ಇನ್ನಷ್ಟು ದೂರ ಬೇಕು. ಕೊನೆಗೆ ರನ್‌ವೇಗೆ ನೇರವಾಗಿ ಎದುರಿಗೆ ಬರಲು ಒಂದು ಸುತ್ತು. ಅದಕ್ಕೆ 13 ಕಿ.ಮೀ. ಕೊನೆಯ ಕೆಲವು ಕಿಲೋಮೀಟರ್ ವಿಮಾನ ಓಡುವುದು ಗಂಟೆಗೆ 200ರಿಂದ 230 ಕಿ.ಮೀ. ವೇಗದಲ್ಲಿ ಮಾತ್ರ. ಎಲ್ಲ ಸೇರಿ ಇನ್ನೊಂದು 115 ಕಿ.ಮೀ., 17 ನಿಮಿಷ.

8:23. ಚಕ್ರ ನೆಲ ಮುಟ್ಟಿತು. ರನ್‌ವೇ ಬಿಟ್ಟು ನಿಲ್ಲುವ ಜಾಗಕ್ಕೆ ಬರಲು 5 ನಿಮಿಷ. 8:28ಕ್ಕೆ ಮತ್ತೆ ಚಾಕ್ ಇಟ್ಟರು. ಟಿಕೆಟ್‌ನಲ್ಲಿ 8:30 ಇತ್ತು. ಅದರ ಪ್ರಕಾರ ಎರಡು ನಿಮಿಷ ಮುಂಚೆ ಬಂದಿದ್ದೀರಿ.

ನೋಡಿ, ಇಲ್ಲಿ 412 ಕಿ.ಮೀ. ಹೋಗಿ 445 ಆಯಿತು. ಗಾಳಿಯಲ್ಲಿದ್ದದ್ದು 63 ನಿಮಿಷ. ಅದರಲ್ಲಿ ಪೂರ್ತಿ ವೇಗದ ಓಟ 30 ನಿಮಿಷ, ಅರ್ಧಕ್ಕಿಂತ ಕಡಿಮೆ. ಚಾಕ್ ತೆಗೆದಾಗಿನಿಂದ ಚಾಕ್ ಇಡುವ ತನಕ 78 ನಿಮಿಷ. ಈ ಕೊನೆಯದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಕಂಪನಿಗಳು ವೇಳಾಪಟ್ಟಿಯಲ್ಲಿ ಹಾಕುವುದು ಇದನ್ನೇ. ಡಿಸ್ಪ್ಯಾಚ್‌ನವರ ಹಾಳೆಯಲ್ಲಿ ಇಂಧನದ ಲೆಕ್ಕಕ್ಕೆ ಇರುವುದು 63 ನಿಮಿಷ, ಪ್ರಯಾಣಿಕರ ಟಿಕೆಟ್‌ನಲ್ಲಿ ಇರುವುದು 80. ಎರಡೂ ಸತ್ಯ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕಷ್ಟ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಆ ತಪ್ಪು ಮಾಡಿದ್ದೇನೆ. ಪರಿಚಯದವರೊಬ್ಬರು ಫೋನ್ ಮಾಡಿ ‘ಎಷ್ಟು ಹೊತ್ತಿನ ಹಾರಾಟ’ ಅಂತ ಕೇಳಿದರು. ಮುಂದಿದ್ದ ಹಾಳೆ ನೋಡಿ ಗಾಳಿಯಲ್ಲಿರುವ ಸಮಯ ಹೇಳಿಬಿಟ್ಟೆ. ಅವರು ಅದನ್ನೇ ನಂಬಿ ಮುಂದಿನ ಬಸ್ಸಿಗೆ ಟಿಕೆಟ್ ಮಾಡಿಸಿದ್ದರು. ಬಸ್ ತಪ್ಪಿತು, ರಾತ್ರಿಯೆಲ್ಲ ಮಗುವಿನ ಜೊತೆ ನಿಲ್ದಾಣದಲ್ಲೇ ಕಳೆದರು. ಆವತ್ತಿನಿಂದ ಯಾರು ಕೇಳಿದರೂ ‘ಯಾವ ಸಮಯ ಬೇಕು, ಹಾರುವುದಾ, ತಲುಪುವುದಾ’ ಎಂದು ಕೇಳಿಯೇ ಉತ್ತರ ಕೊಡುತ್ತೇನೆ.

ಹಾಗಾದರೆ ಜೆಟ್ ಆಗಿದ್ದರೆ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತಾ? ಇಲ್ಲ. ಏರ್‌ಬಸ್ 320 ಥರದ ವಿಮಾನ ಸಮ ಓಟದಲ್ಲಿ ಗಂಟೆಗೆ 800 ಕಿ.ಮೀ. ದಾಟುತ್ತದೆ, ನಿಜ. ಆದರೆ ಅದು ಇನ್ನೂ ಎತ್ತರಕ್ಕೆ ಹೋಗಬೇಕು, ಅಷ್ಟೇ ದೂರದಿಂದ ಇಳಿಯಬೇಕು. 27,000 ಅಡಿಗೆ ಏರಿದರೆ ಇಳಿಯಲು 81 ನಾಟಿಕಲ್ ಮೈಲು, 150 ಕಿ.ಮೀ. ಬೇಕು. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ. 445ರಲ್ಲಿ ಸಮ ಓಟಕ್ಕೆ ಉಳಿಯುವುದು ಒಂದು ನೂರು ಚಿಲ್ಲರೆ. ಅಂದರೆ ಪೂರ್ತಿ ವೇಗ ಸಿಗುವುದು ಹತ್ತು ನಿಮಿಷದ ಆಸುಪಾಸು ಮಾತ್ರ. ಜೊತೆಗೆ ಬಹಳಷ್ಟು ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್ ಮೀರಬಾರದು ಎಂಬ ಮಿತಿ ಇದೆ. ನನ್ನ ಲೆಕ್ಕದಲ್ಲಿ ಜೆಟ್ ಈ ದಾರಿಯಲ್ಲಿ ಗಾಳಿಯಲ್ಲಿರುವುದು 42, 43 ನಿಮಿಷ. ಟರ್ಬೊಪ್ರಾಪ್‌ಗಿಂತ 20 ನಿಮಿಷ ಮುಂಚೆ. 200 ಕಿ.ಮೀ. ದಾರಿಯಾದರೆ ಈ ಲಾಭ ಇನ್ನೂ ಕರಗಿ ಹತ್ತು ನಿಮಿಷದೊಳಗೆ ಬರುತ್ತದೆ. ಸಣ್ಣ ದಾರಿಗೆ ಕಂಪನಿಗಳು ಎಟಿಆರ್ ಇಡುವುದು ಇದಕ್ಕೇ. ಇಂಧನ ತುಂಬಾ ಕಡಿಮೆ ಸಾಕು, ಸಣ್ಣ ರನ್‌ವೇಯೂ ಸಾಕು. ‘ಪ್ರೊಪೆಲ್ಲರ್ ವಿಮಾನ, ಹಳೇ ಕಾಲದ್ದು’ ಅಂತ ಅಮ್ಮ ಗಾಬರಿಯಾದರೆ ಈ ಕಾರಣ ಹೇಳಿ.

ದಾರಿ ಇನ್ನೂ ಸಣ್ಣದಾದರೆ ಏನಾಗುತ್ತದೆ? ಸ್ಕಾಟ್‌ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ಪುಟ್ಟ ನಿಲ್ದಾಣಗಳಿವೆ. ನಡುವಿನ ದೂರ 2.7 ಕಿ.ಮೀ. ವೇಳಾಪಟ್ಟಿ ಪ್ರಕಾರ ಹಾರುವ ಪ್ರಯಾಣಿಕ ವಿಮಾನಗಳಲ್ಲಿ ಲೋಕದಲ್ಲೇ ಅತಿ ಚಿಕ್ಕ ಹಾರಾಟ ಇದು. ಸಮಯ ಎರಡು ನಿಮಿಷದೊಳಗೆ. ಗಾಳಿ ಕೈಹಿಡಿದ ಒಂದು ದಿನ 53 ಸೆಕೆಂಡಿನಲ್ಲಿ ಮುಗಿದದ್ದೂ ಇದೆ. ಇದನ್ನು ನೋಡಿದರೆ ನನಗೆ ಪ್ರೀತಿ ಉಕ್ಕುತ್ತದೆ. ಅಲ್ಲಿ ಸಮ ಓಟ ಅನ್ನುವುದೇ ಇಲ್ಲ. ಏರಿದ್ದೇ ಇಳಿಯುವುದು. 53 ಸೆಕೆಂಡಿಗೆ 2.7 ಕಿ.ಮೀ. ಅಂದರೆ ಗಂಟೆಗೆ 183 ಕಿ.ಮೀ., ಅಷ್ಟೇ.

ಗಾಳಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ‘ಹೋಗುವಾಗ ಗಾಳಿ ಎದುರಿದ್ದರೆ ಬರುವಾಗ ಹಿಂದಿನಿಂದ ತಳ್ಳುತ್ತದೆ, ಸರಿಹೋಗುತ್ತದೆ’ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸರಿಹೋಗುವುದಿಲ್ಲ. 500 ಕಿ.ಮೀ. ದಾರಿ, ವಿಮಾನದ ವೇಗ 500. ಗಾಳಿ ಇಲ್ಲದಿದ್ದರೆ ಹೋಗಿ ಬರಲು 120 ನಿಮಿಷ. 50 ಕಿ.ಮೀ. ಗಾಳಿ ಇದ್ದರೆ ಒಂದು ಕಡೆ 54.5 ನಿಮಿಷ, ಇನ್ನೊಂದು ಕಡೆ 66.7. ಕೂಡಿದರೆ 121 ಚಿಲ್ಲರೆ. ಗಾಳಿ 100 ಆದರೆ 50 ಮತ್ತು 75, ಒಟ್ಟು 125. ಎದುರುಗಾಳಿಯಲ್ಲಿ ನೀವು ಹೆಚ್ಚು ಹೊತ್ತು ಇರುತ್ತೀರಿ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಆದ್ದರಿಂದ ಕಳೆದುಕೊಂಡದ್ದು ಪೂರ್ತಿ ವಾಪಸ್ ಬರುವುದಿಲ್ಲ. ನಿಮ್ಮ ಟಿಕೆಟ್‌ನಲ್ಲಿ ಹೋಗುವ ಸಮಯಕ್ಕೂ ಬರುವ ಸಮಯಕ್ಕೂ ಐದು, ಹತ್ತು ನಿಮಿಷ ವ್ಯತ್ಯಾಸ ಕಂಡರೆ ಅಚ್ಚು ತಪ್ಪಾಗಿದೆ ಅಂದುಕೊಳ್ಳಬೇಡಿ.

ಎತ್ತರಕ್ಕೆ ಹೋದಂತೆ ಗಾಳಿಯ ಜೋರು ಬೇರೆಯೇ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ 100 ನಾಟ್ ದಾಟುವುದು ಸಾಮಾನ್ಯ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು, ಆ ಹೊತ್ತಿನ ಬಿರುಗಾಳಿಯ ಬೆನ್ನೇರಿ. ಎಟಿಆರ್ ಹಾರುವುದು 25,000 ಅಡಿಯೊಳಗೆ, ಅಲ್ಲಿ ಗಾಳಿ ಇಷ್ಟು ಬಿರುಸಲ್ಲ. ಆದರೆ ವಿಮಾನದ ವೇಗವೇ ಕಡಿಮೆ ಇರುವುದರಿಂದ ಸಣ್ಣ ಗಾಳಿಯೂ ಅದಕ್ಕೆ ತಟ್ಟುತ್ತದೆ.

ದಾರಿಗೆ ಅಡ್ಡ ಬರುವುದು ಗಾಳಿ ಒಂದೇ ಅಲ್ಲ. ಸೇನೆಗೆ ಮೀಸಲಾದ ಆಕಾಶ ಇದ್ದರೆ ಅದನ್ನು ಸುತ್ತು ಹಾಕಿ ಹೋಗಬೇಕು. ಗುಡುಗು ಮೋಡ ಇದ್ದರೂ ಅಷ್ಟೇ. ಇದರ ದೊಡ್ಡ ಉದಾಹರಣೆ ಹೆಲ್ಸಿಂಕಿ ಮತ್ತು ಟೋಕಿಯೊ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ 9 ಗಂಟೆ ಚಿಲ್ಲರೆಯ ಹಾರಾಟ 13 ಗಂಟೆಯ ಹತ್ತಿರ ಹೋಯಿತು. ಎರಡು ಊರುಗಳೂ ಇದ್ದಲ್ಲೇ ಇವೆ. ಮಹಾವೃತ್ತದ ದೂರ ಒಂದು ಮೀಟರ್ ಕೂಡ ಬದಲಾಗಿಲ್ಲ.

ಗಡಿಯಾರವನ್ನೂ ನೋಡಬೇಕು. ಟಿಕೆಟ್‌ನಲ್ಲಿ ಹೊರಡುವ ಸಮಯ ಆ ಊರಿನದು, ತಲುಪುವ ಸಮಯ ಈ ಊರಿನದು. ನಿಮ್ಮ ಎರಡು ನಿಲ್ದಾಣಗಳೂ ಒಂದೇ ಸಮಯದಲ್ಲಿದ್ದರೆ ಚಿಂತೆ ಇಲ್ಲ. ಆದರೆ ಮುಂಚೆ ಹೇಳಿದ ತುರ್ಕುವನ್ನೇ ತೆಗೆದುಕೊಳ್ಳಿ. ಫಿನ್‌ಲೆಂಡ್ ಸ್ವೀಡನ್ನಿಗಿಂತ ಒಂದು ಗಂಟೆ ಮುಂದೆ. ತುರ್ಕುವಿನಲ್ಲಿ 9:00ಕ್ಕೆ ಹೊರಟು 55 ನಿಮಿಷ ಪ್ರಯಾಣ ಮಾಡಿದರೆ ಸ್ಟಾಕ್‌ಹೋಮಿನಲ್ಲಿ ಗಡಿಯಾರ 8:55 ತೋರಿಸುತ್ತಿರುತ್ತದೆ! ಅದೇ ವಾಪಸ್ ಬರುವಾಗ 9:00ಕ್ಕೆ ಹೊರಟರೆ 10:55. ಬರೀ ಕಳೆಯುವ ಲೆಕ್ಕ ಮಾಡಿದವರಿಗೆ ಒಂದು ಕಡೆ ಸಮಯವೇ ಹಿಡಿಯುವುದಿಲ್ಲ, ಇನ್ನೊಂದು ಕಡೆ ಎರಡು ಗಂಟೆ.

ನಿಲ್ದಾಣದ ಹೆಸರು ನೋಡುವಾಗ ಮೂರಕ್ಷರದ ಕೋಡ್ ನೋಡಿ. ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ. ಆಸ್ಟ್ರೇಲಿಯಾದ ಸಿಡ್ನಿಗೆ ಹೊರಟವರು ಕೆನಡಾದ ಸಿಡ್ನಿಗೆ ಹೋಗಿ ಇಳಿದದ್ದು ಒಂದೆರಡು ಸಲ ಅಲ್ಲ. ಮತ್ತೆ, ನಿಲ್ದಾಣದ ಹೆಸರಿನಲ್ಲಿ ಊರಿನ ಹೆಸರಿದೆ ಅಂದಮಾತ್ರಕ್ಕೆ ಅದು ಊರಿನ ಹತ್ತಿರ ಇದೆ ಅಂತಲ್ಲ. ಫ್ರಾಂಕ್‌ಫರ್ಟ್ ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ ರಸ್ತೆಯಲ್ಲಿ ಸುಮಾರು 120 ಕಿ.ಮೀ. ದೂರ. ಪ್ಯಾರಿಸ್ ಬೊವೆ ಕೂಡ ಪ್ಯಾರಿಸ್‌ನಿಂದ 85 ಕಿ.ಮೀ. ಆಸುಪಾಸಿನಲ್ಲಿದೆ. ಆಕಾಶದಲ್ಲಿ ಉಳಿಸಿದ ಸಮಯ ಪೂರ್ತಿ ರಸ್ತೆಯಲ್ಲಿ ಹೋಗುತ್ತದೆ.

ಇನ್ನು ನಿಮ್ಮ 9:25ರ ವಿಮಾನ. ಇಲ್ಲಿ ನಿಜಕ್ಕೂ ನನಗೆ ಆತಂಕ ಇದೆ. 8:30ರಿಂದ 9:25 ಅಂದರೆ 55 ನಿಮಿಷ ಇದೆ ಅನ್ನಿಸುತ್ತದೆ, ಆದರೆ ಅಷ್ಟೂ ನಿಮ್ಮ ಕೈಯಲ್ಲಿಲ್ಲ. ವಿಮಾನ ಯಾನದಲ್ಲಿ ಸಾಮಾನ್ಯವಾಗಿ 15 ನಿಮಿಷದೊಳಗಿನ ತಡವನ್ನು ತಡ ಅಂತ ಎಣಿಸುವುದಿಲ್ಲ. ಅಂದರೆ 8:44ಕ್ಕೆ ಬಂದರೂ ಪುಸ್ತಕದಲ್ಲಿ ‘ಸಮಯಕ್ಕೆ ಸರಿಯಾಗಿ ಬಂದಿದೆ’ ಎಂದೇ ಇರುತ್ತದೆ. ಬಾಗಿಲು ತೆರೆದು ಕೆಳಗಿಳಿಯುವ ಹೊತ್ತಿಗೆ 8:50. ಮುಂದಿನ ವಿಮಾನದ ಗೇಟು ಹೊರಡುವ 15ರಿಂದ 20 ನಿಮಿಷ ಮುಂಚೆಯೇ ಮುಚ್ಚುತ್ತದೆ. 9:05 ಅಂದುಕೊಳ್ಳಿ. ಅಮ್ಮನ ನಡಿಗೆಗೆ, ಮತ್ತೊಮ್ಮೆ ತಪಾಸಣೆ ಇದ್ದರೆ ಅದಕ್ಕೆ, ಎಲ್ಲಕ್ಕೂ ಸೇರಿ 15 ನಿಮಿಷ.

ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿವೆಯಾ ಅಂತ ಮೊದಲು ನೋಡಿ. ಒಂದೇ ಟಿಕೆಟ್ ಆದರೆ ಸ್ವಲ್ಪ ಸಮಾಧಾನ. ಪ್ರತಿ ನಿಲ್ದಾಣಕ್ಕೂ ಕನಿಷ್ಠ ಇಷ್ಟು ಅಂತರ ಬೇಕು ಎಂದು ಗೊತ್ತುಮಾಡಿರುತ್ತಾರೆ. ಅದಕ್ಕಿಂತ ಕಡಿಮೆ ಅಂತರದ ಟಿಕೆಟ್ ಸಾಮಾನ್ಯವಾಗಿ ಕೊಡುವುದಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಇನ್ನೊಂದರಲ್ಲಿ ಜಾಗ ಮಾಡಿಕೊಡುವುದು ಕಂಪನಿಯ ಜವಾಬ್ದಾರಿ. ಬ್ಯಾಗನ್ನೂ ಬಹಳ ಕಡೆ ಅವರೇ ದಾಟಿಸುತ್ತಾರೆ. ಎರಡು ಬೇರೆ ಬೇರೆ ಟಿಕೆಟ್ ಆಗಿದ್ದು, ಚೆಕ್‌ಇನ್ ಮಾಡಬೇಕಾದ ಬ್ಯಾಗೂ ಇದ್ದರೆ ಈ ಯೋಜನೆ ನಡೆಯುವುದೇ ಇಲ್ಲ. ಕೌಂಟರ್ ಹೊರಡುವ 45 ಅಥವಾ 60 ನಿಮಿಷ ಮುಂಚೆ ಮುಚ್ಚುತ್ತದೆ. 60 ಆದರೆ 8:25ಕ್ಕೇ ಮುಚ್ಚಿರುತ್ತದೆ, ನೀವು ಬಂದು ನಿಲ್ಲುವ 5 ನಿಮಿಷ ಮೊದಲೇ. ಹಾಗಿದ್ದರೆ ದಯವಿಟ್ಟು 9:25 ಬಿಟ್ಟು ಅದರ ನಂತರದ್ದು ಹಿಡಿಯಿರಿ. ಎರಡೂವರೆ, ಮೂರು ಗಂಟೆ ಅಂತರ ಇಟ್ಟುಕೊಳ್ಳಿ. ಕಾಯುವುದು ಬೇಸರವೇ, ಆದರೆ ಅಮ್ಮನನ್ನು ಓಡಿಸುವುದು ಬೇಡ.

ನಿಮ್ಮ 7:10ರ ವಿಮಾನ ಕಳೆದ ಕೆಲವು ದಿನ ಎಷ್ಟು ಹೊತ್ತಿಗೆ ಇಳಿದಿದೆ ಎಂದು ಫ್ಲೈಟ್‌ರಾಡಾರ್24 ಥರದ ಜಾಲತಾಣದಲ್ಲಿ ನೋಡಬಹುದು. ಅದರ ನಂಬರ್ ಹಾಕಿದರೆ ಸಾಕು. ಒಂದು ದಿನದ್ದನ್ನು ನೋಡಿ ತೀರ್ಮಾನಿಸಬೇಡಿ, ಒಂದು ವಾರದ್ದು ನೋಡಿ. ಅಲ್ಲಿ ‘ಇಳಿಯಿತು’ ಅಂತ ತೋರಿಸುವುದು ಸಾಮಾನ್ಯವಾಗಿ ಚಕ್ರ ನೆಲ ಮುಟ್ಟಿದ ಸಮಯ. ಅದಕ್ಕೆ 10 ನಿಮಿಷ ಸೇರಿಸಿದರೆ ನೀವು ಹೊರಗೆ ಕಾಲಿಡುವ ಸಮಯ ಸಿಗುತ್ತದೆ.

ಅಮ್ಮನಿಗೆ ಗಾಲಿಕುರ್ಚಿ ಬೇಕಾಗಬಹುದು ಅನ್ನಿಸಿದರೆ 48 ಗಂಟೆ ಮುಂಚೆಯೇ ಕಂಪನಿಗೆ ಹೇಳಿಬಿಡಿ, ಎರಡು ವಿಮಾನಕ್ಕೂ ಬೇರೆ ಬೇರೆಯಾಗಿ. ಗಾಲಿಕುರ್ಚಿ ತೆಗೆದುಕೊಂಡರೆ ಹೆಚ್ಚಾಗಿ ಎಲ್ಲರೂ ಇಳಿದ ಮೇಲೆ ಇಳಿಸುತ್ತಾರೆ, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಅವರು ನಡೆದೇ ಬರುತ್ತಾರೆ ಅಂದರೆ ಸೀಟು ಆರಿಸುವಾಗ ಮುಂದಿನ ಸಾಲು ಕೇಳಬೇಡಿ. ಎಟಿಆರ್‌ನಲ್ಲಿ ಮುಂದಿನ ಬಾಗಿಲು ಸಾಮಾನಿನದು. ಜನ ಹತ್ತಿ ಇಳಿಯುವುದು ಹಿಂದಿನ ಎಡಬಾಗಿಲಿನಿಂದ. ಕೊನೆಯ ಎರಡು ಮೂರು ಸಾಲಿನಲ್ಲಿ ಕೂತವರೇ ಮೊದಲು ಕೆಳಗಿಳಿಯುತ್ತಾರೆ.